ರಾಜರು ಹೋದರೂ ಉಳಿದ ಅಂಚೆ ಡಬ್ಬಿಗಳು

ಬ್ರಿಟನ್ನಿನಲ್ಲಿ ಅಂಚೆ ಡಬ್ಬಿ ಯಾವ ಕಾಲದ್ದು ಅಂತ ಅದರ ಮೈ ನೋಡಿಯೇ ಹೇಳಬಹುದು. ಮುಂಭಾಗದ ಉಬ್ಬಕ್ಷರ 'ವಿ ಆರ್' ಎಂದಿದ್ದರೆ ವಿಕ್ಟೋರಿಯಾ ರಾಣಿ ಕಾಲದ್ದು. ರಾಜರು ಬದಲಾದರೆ ಹಳೆ ಡಬ್ಬಿ ಕೀಳುವುದಿಲ್ಲ, ಹೊಸದಾಗಿ ಮಾಡುವುದಕ್ಕೆ ಮಾತ್ರ ಹೊಸ ಗುರುತು. 1936ರಲ್ಲಿ ವರ್ಷ ತುಂಬುವ ಮುಂಚೆಯೇ ಪಟ್ಟ ಬಿಟ್ಟ ಎಂಟನೇ ಎಡ್ವರ್ಡ್ ಗುರುತಿನ ಡಬ್ಬಿಗಳು ಅದಕ್ಕೇ ಅಷ್ಟು ಅಪರೂಪ.

ಇದೆಲ್ಲ ಶುರುವಾಗಿದ್ದು ಅಂಚೆಚೀಟಿಯಿಂದ. 1840ಕ್ಕೆ ಮುಂಚೆ ಸಾಮಾನ್ಯವಾಗಿ ಕಾಗದ ಪಡೆದವರೇ ದುಡ್ಡು ಕೊಡಬೇಕಿತ್ತು. ಚೀಟಿ ಬಂದ ಮೇಲೆ ಬರೆದವರೇ ಮುಂಚಿತವಾಗಿ ಕೊಡುವ ರೂಢಿ ಬಂತು. ಮತ್ತೆ ಕಾಗದ ಹಾಕಲು ಗುಮಾಸ್ತನ ಮುಖ ಯಾಕೆ ನೋಡಬೇಕು, ಅಲ್ವಾ? ಫ್ರಾನ್ಸಿನಲ್ಲಿದ್ದ ಬೀದಿ ಡಬ್ಬಿಗಳನ್ನು ನಮ್ಮಲ್ಲೂ ಇಡೋಣ ಅಂತ ಸಲಹೆ ಕೊಟ್ಟವರು ಅಂಚೆ ಇಲಾಖೆಯ ಆಂಟನಿ ಟ್ರೋಲಪ್. ಮುಂದೆ ದೊಡ್ಡ ಕಾದಂಬರಿಕಾರ ಅನ್ನಿಸಿಕೊಂಡವರು ಇವರೇ. 1852ರ ನವೆಂಬರ್‌ನಲ್ಲಿ ಜರ್ಸಿ ದ್ವೀಪದಲ್ಲಿ ಮೊದಲ ಡಬ್ಬಿಗಳು ನಿಂತವು. ಮರುವರ್ಷವೇ ಇಂಗ್ಲೆಂಡಿನ ಕಾರ್ಲೈಲ್‌ಗೂ ಬಂತು.

ಕೆಂಪು ಬಣ್ಣ ಕಾಯಂ ಆಗಿದ್ದು ತಡವಾಗಿ. 1859ರಿಂದ ಹಸಿರು ಬಳಿಯುತ್ತಿದ್ದರು. ಅದು ಜನರ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗಾಗಿ 1874ರಲ್ಲಿ ಕೆಂಪು ಬಳಿಯಲು ತೊಡಗಿದರು, ಎಲ್ಲಕ್ಕೂ ಬಳಿದು ಮುಗಿಸಲು ಹತ್ತು ವರ್ಷ ಹಿಡಿಯಿತು.

ಸ್ಕಾಟ್ಲೆಂಡಿನಲ್ಲಿ ಡಬ್ಬಿಯ ಮೇಲಿನ ಅಕ್ಷರಕ್ಕೇ, ಅಂದರೆ ಎರಡನೇ ಎಲಿಜಬೆತ್ ರಾಣಿಯ ಗುರುತಿಗೇ, ಜಗಳ ಹತ್ತಿಕೊಂಡಿತು. ಇಂಗ್ಲೆಂಡನ್ನು ಆಳಿದ ಮೊದಲನೇ ಎಲಿಜಬೆತ್ ಸ್ಕಾಟ್ಲೆಂಡಿಗೆ ರಾಣಿಯೇ ಆಗಿರಲಿಲ್ಲ. ಮೊದಲನೆಯವಳೇ ಇಲ್ಲದ ಮೇಲೆ ಎರಡನೆಯವಳು ಎಲ್ಲಿಂದ ಬಂದಳು ಅಂತ ಜನ ಕೇಳಿದರು. ಎಡಿನ್‌ಬರೋದ ಇಂಚ್ ಬಡಾವಣೆಯಲ್ಲಿ ಇಟ್ಟ ಹೊಸ ಡಬ್ಬಿಗೆ ಟಾರ್ ಬಳಿದರು, ಸುತ್ತಿಗೆಯಲ್ಲಿ ಬಡಿದರು. 1953ರ ಫೆಬ್ರುವರಿಯಲ್ಲಿ ಸ್ಫೋಟಕ ಇಟ್ಟು ಉಡಾಯಿಸಿದರು. ಆಮೇಲೆ ಅಲ್ಲಿನ ಹೊಸ ಡಬ್ಬಿಗಳಿಗೆ ಸ್ಕಾಟ್ಲೆಂಡಿನ ಕಿರೀಟ ಮಾತ್ರ, ಅಕ್ಷರ ಇಲ್ಲ. ಸ್ವತಂತ್ರವಾದ ಐರ್ಲೆಂಡ್ ಇಷ್ಟು ರಂಪ ಮಾಡಲಿಲ್ಲ, ಅವೇ ಡಬ್ಬಿಗಳಿಗೆ ಹಸಿರು ಬಳಿದು ಸುಮ್ಮನಾಯಿತು. ನನ್ನ ಪ್ರಕಾರ ಅದೇ ಜಾಣತನ.

ಹಳೆಯವನ್ನು ಉಳಿಸುವ ಕೆಲಸ ಸಂಘಟಿತವಾಗಿ ಶುರುವಾಗಿದ್ದು 1976ರಲ್ಲಿ. ಆಗ ಹುಟ್ಟಿದ ಲೆಟರ್ ಬಾಕ್ಸ್ ಸ್ಟಡಿ ಗ್ರೂಪ್‌ನ ಹವ್ಯಾಸಿಗಳು ಊರೂರಿನ ಡಬ್ಬಿಗಳನ್ನು ದಾಖಲಿಸಿದರು. 2002ರಲ್ಲಿ ಅಂಚೆ ಸಂಸ್ಥೆ ರಾಯಲ್ ಮೇಲ್ ಮತ್ತು ಪರಂಪರೆ ಕಾಯುವ ಸಂಸ್ಥೆ ಇಂಗ್ಲಿಷ್ ಹೆರಿಟೇಜ್ ಸೇರಿ, ಡಬ್ಬಿಗಳನ್ನು ಇದ್ದಲ್ಲೇ ಉಳಿಸಿ ಬಳಸಬೇಕು ಎಂಬ ನೀತಿ ಮಾಡಿದವು. ಡಾರ್ಸೆಟ್‌ನ ಬಾರ್ನ್ಸ್ ಕ್ರಾಸ್‌ನಲ್ಲಿರುವ 1850ರ ದಶಕದ ಎಂಟು ಮೂಲೆಯ ಡಬ್ಬಿ ಹೀಗೇ ಬೀದಿಯಲ್ಲೇ ಉಳಿದಿದೆ.

ಆದರೆ ಕಾಗದ ಬರೆಯುವವರೇ ಕಡಿಮೆಯಾಗಿದ್ದಾರೆ. 2000ದ ದಶಕದ ಮಧ್ಯದಲ್ಲಿ ವರ್ಷಕ್ಕೆ ಸುಮಾರು 2,000 ಕೋಟಿ ಇದ್ದದ್ದು ಈಗ 700 ಕೋಟಿಗೂ ಕೆಳಗೆ ಬಂದಿದೆ. ಆದರೂ ಸುಮಾರು 1.15 ಲಕ್ಷ ಡಬ್ಬಿಗಳಿವೆ. ಶೇ 98ರಷ್ಟು ವಿಳಾಸಗಳಿಗೆ ಅರ್ಧ ಮೈಲಿಯೊಳಗೆ ಒಂದು ಡಬ್ಬಿ ಇರಲೇಬೇಕು ಅನ್ನುವುದು ಅಲ್ಲಿನ ನಿಯಮ. ಪರಂಪರೆಯ ಮೇಲಿನ ಪ್ರೀತಿಗಿಂತ ಈ ನಿಯಮವೇ ಅವುಗಳನ್ನು ಜಾಸ್ತಿ ಕಾಯುತ್ತಿದೆ ಅನ್ನಿಸುತ್ತದೆ.