ಚ್ಯೂಬಾಕಾ ಸತ್ತದ್ದು ನಿಜವೇ? ಸ್ಟಾರ್ ವಾರ್ಸ್ ಕಾದಂಬರಿಗಳ ಸುತ್ತ ಮುಗಿಯದ ಜಗಳದ ಹಿನ್ನೆಲೆ

1999ರ ಅಕ್ಟೋಬರ್‌ನಲ್ಲಿ, ಸ್ಟಾರ್ ವಾರ್ಸ್ ಸಿನಿಮಾಗಳ ನಾಯಕರಲ್ಲೊಬ್ಬನಾದ ಹ್ಯಾನ್ ಸೋಲೊನ ಮೈತುಂಬ ಕೂದಲಿನ ಗೆಳೆಯ ಚ್ಯೂಬಾಕಾನ ಮೇಲೆ ಒಂದು ಚಂದ್ರ ಬಿತ್ತು. ಸಿನಿಮಾದಲ್ಲಲ್ಲ, ಕಾದಂಬರಿಯಲ್ಲಿ. ಆರ್.ಎ. ಸಾಲ್ವಟೋರ್ ಬರೆದ 'ವೆಕ್ಟರ್ ಪ್ರೈಮ್'ನಲ್ಲಿ ಸರ್ನ್‌ಪಿಡಾಲ್ ಎಂಬ ಗ್ರಹದ ಮೇಲೆ ಅದರದೇ ಚಂದ್ರನನ್ನು ಶತ್ರುಗಳು ಎಳೆದು ಕೆಡವುತ್ತಾರೆ. ಜನರನ್ನು ಪಾರುಮಾಡುವ ಗಡಿಬಿಡಿಯಲ್ಲಿ ಹ್ಯಾನ್ ಸೋಲೊನ ಕಿರಿಮಗ ಅನಾಕಿನ್ ಹೊರಗೆ ಸಿಕ್ಕಿಕೊಳ್ಳುತ್ತಾನೆ. ಚ್ಯೂಬಾಕಾ ಹುಡುಗನನ್ನು ಹೇಗೋ ಹಡಗಿಗೆ ತಲುಪಿಸುತ್ತಾನೆ, ತಾನು ಮಾತ್ರ ಹಿಂದೆ ಉಳಿಯುತ್ತಾನೆ. ಹಡಗು ಮೇಲೇರುವಾಗ ಅವನು ಬೀಳುತ್ತಿರುವ ಚಂದ್ರನ ಕಡೆಗೇ ಮುಖಮಾಡಿ ಗರ್ಜಿಸುತ್ತಾ ನಿಂತಿರುತ್ತಾನೆ. ಗೆಳೆಯನನ್ನು ಬಿಟ್ಟುಬಂದೆ ಎಂದು ಹ್ಯಾನ್ ಮಗನನ್ನೇ ದೂರುತ್ತಾನೆ. ಮುಂದಿನ ಕೆಲವು ಪುಸ್ತಕಗಳುದ್ದಕ್ಕೂ ಆ ಮನೆಯಲ್ಲಿ ನೆಮ್ಮದಿ ಇಲ್ಲ.

ಸಾಲ್ವಟೋರ್‌ಗೆ ರಾಶಿ ರಾಶಿ ಸಿಟ್ಟಿನ ಪತ್ರಗಳು ಬಂದವು. ನಿಜಕ್ಕೂ ಆ ಸಾವನ್ನು ನಿರ್ಧರಿಸಿದ್ದು ಲೇಖಕರೊಬ್ಬರೇ ಅಲ್ಲ. ಸಿನಿಮಾದ ಮುಖ್ಯ ಪಾತ್ರವೊಂದು ಸತ್ತರೆ ಮಾತ್ರ ಹೊಸ ಸರಣಿಗೆ ಬಿಸಿ ಬರುತ್ತದೆ ಎಂದು ಸಂಪಾದಕರ ತಂಡ ತೀರ್ಮಾನಿಸಿತ್ತು. ಮೊದಲ ಸಿನಿಮಾಗಳ ನಾಯಕ ಲೂಕ್ ಸ್ಕೈವಾಕರ್‌ನನ್ನು ಮುಟ್ಟಲು, ಸ್ಟಾರ್ ವಾರ್ಸ್ ಸೃಷ್ಟಿಸಿದ ಜಾರ್ಜ್ ಲ್ಯೂಕಸ್ ಒಪ್ಪಲಿಲ್ಲ. ಕೊನೆಗೆ ಪಾಳಿ ಚ್ಯೂಬಾಕಾನದಾಯಿತು.

ಹದಿನಾರು ವರ್ಷದ ನಂತರ, 2015ರ ಸಿನಿಮಾದಲ್ಲಿ ಅದೇ ಚ್ಯೂಬಾಕಾ ಹ್ಯಾನ್ ಜೊತೆ ನಡೆದುಕೊಂಡು ಬಂದ. ಹಾಗಾದರೆ ಆ ಸಾವು ಏನಾಯಿತು? ಅಭಿಮಾನಿಗಳು ಇಂದಿಗೂ ಕಿತ್ತಾಡುವುದು ಈ ಪ್ರಶ್ನೆಗೇ. ಹೊರಗಿನವರಿಗೆ ಇದು ಯಾವ ಕಾದಂಬರಿ ಚೆನ್ನಾಗಿದೆ ಎಂಬ ರುಚಿಯ ಜಗಳದಂತೆ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಇದು ಓದುಗರಿಗೆ ಕೊಟ್ಟ ಒಂದು ಮಾತಿನ ಜಗಳ.

ಮೊದಮೊದಲು ಅಂಥ ಮಾತೇನೂ ಇರಲಿಲ್ಲ. ಮೊದಲ ಸಿನಿಮಾದ ಕಾದಂಬರಿ ರೂಪವೇ ಸಿನಿಮಾಕ್ಕಿಂತ ಮುಂಚೆ, 1976ರ ಕೊನೆಯಲ್ಲಿ ಅಂಗಡಿಗೆ ಬಂದಿತ್ತು. ಮುಖಪುಟದಲ್ಲಿ ಲ್ಯೂಕಸ್ ಹೆಸರು, ಬರೆದವರು ಅಲನ್ ಡೀನ್ ಫಾಸ್ಟರ್. ಅವರೇ 1978ರಲ್ಲಿ ಲೂಕ್ ಮತ್ತು ರಾಜಕುಮಾರಿ ಲೇಯಾರ ಸುತ್ತ ನಡೆಯುವ ಇನ್ನೊಂದು ಕಥೆ ಬರೆದರು. ಮೊದಲ ಸಿನಿಮಾ ಓಡದಿದ್ದರೆ ಕಡಿಮೆ ಖರ್ಚಿನಲ್ಲಿ ಮುಂದಿನ ಭಾಗ ತೆಗೆಯಲು ಒಂದು ಕಥೆ ಕೈಯಲ್ಲಿರಲಿ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಹ್ಯಾನ್ ಪಾತ್ರದ ನಟ ಹ್ಯಾರಿಸನ್ ಫೋರ್ಡ್ ಇನ್ನೂ ಮುಂದಿನ ಸಿನಿಮಾಕ್ಕೆ ಸಹಿ ಹಾಕಿರಲಿಲ್ಲವಾದ್ದರಿಂದ ಅದರಲ್ಲಿ ಹ್ಯಾನ್ ಇಲ್ಲ. ಆಮೇಲೆ ಹ್ಯಾನ್ ಮತ್ತು ಅವನ ಗೆಳೆಯ ಲ್ಯಾಂಡೊ ಸಾಹಸಗಳ ಕೆಲವು ಪುಸ್ತಕಗಳು ಬಂದವು. 1983ರ ನಂತರ ಬಹುಕಾಲ ಹೊಸ ಕಾದಂಬರಿಯ ಸುದ್ದಿಯೇ ಇಲ್ಲ.

ಎಲ್ಲ ಬದಲಾದದ್ದು 1991ರಲ್ಲಿ, ಟಿಮೊತಿ ಝಾನ್ ಅವರ 'ಏರ್ ಟು ದಿ ಎಂಪೈರ್' ಬಂದಾಗ. ಮೂರನೇ ಸಿನಿಮಾ ಮುಗಿದ ಐದು ವರ್ಷಕ್ಕೆ ಕಥೆ ಶುರುವಾಗುತ್ತದೆ. ಚಕ್ರವರ್ತಿ ಸತ್ತಿದ್ದಾನೆ, ಸಾಮ್ರಾಜ್ಯದ ಚೂರುಗಳು ಉಳಿದಿವೆ, ಅವುಗಳನ್ನು ಒಗ್ಗೂಡಿಸುತ್ತಿರುವವನು ಥ್ರಾನ್ ಎಂಬ ನೀಲಿ ಮೈಯ, ಕೆಂಪು ಕಣ್ಣಿನ ಸೇನಾಪತಿ. ಅವನಿಗೆ ಕತ್ತು ಹಿಸುಕುವ ಮಂತ್ರಶಕ್ತಿ ಇಲ್ಲ. ಶತ್ರು ಜನಾಂಗದ ಚಿತ್ರ, ಶಿಲ್ಪಗಳ ಮುಂದೆ ಗಂಟೆಗಟ್ಟಲೆ ಕೂತು, ಅವರು ಲೋಕವನ್ನು ಹೇಗೆ ನೋಡುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ಲೆಕ್ಕ ಹಾಕಿ ಯುದ್ಧ ಗೆಲ್ಲುತ್ತಾನೆ. ತನ್ನ ಕೈಕೆಳಗಿನವರ ಮಾತು ಕೇಳುತ್ತಾನೆ. ಸಿನಿಮಾಗಳ ಖಳ ಡಾರ್ತ್ ವೇಡರ್ ನಂತರ ಹೀಗೆ ಬೇರೆಯೇ ಅಚ್ಚಿನ ಖಳನನ್ನು ಕಟ್ಟಿದ್ದು ಝಾನ್ ಅವರ ದೊಡ್ಡ ಸಾಧನೆ ಎಂದು ನಾನು ಈಗಲೂ ನಂಬುತ್ತೇನೆ. ಅದೇ ಪುಸ್ತಕದಲ್ಲಿ ಮಾರಾ ಜೇಡ್ ಬಂದಳು. ಸತ್ತ ಚಕ್ರವರ್ತಿಯ ಕೊನೆಯ ಆಜ್ಞೆ ತಲೆಯೊಳಗೆ ಮೊರೆಯುತ್ತಿರುವಾಗಲೂ ಲೂಕ್‌ನನ್ನು ಕೊಲ್ಲಬೇಕೋ ಬಿಡಬೇಕೋ ಎಂದು ಒದ್ದಾಡುವ ಹೆಣ್ಣು. ಪುಸ್ತಕ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯ ತುದಿಗೇರಿತು.

ಅಲ್ಲಿಂದ ಮುಂದೆ ಪ್ರಕಾಶಕರಿಗೆ ಒಂದು ವಿಷಯ ಹೊಳೆಯಿತು. ಓದುಗರಿಗೆ ಬಿಡಿ ಸಾಹಸಗಳು ಬೇಡ, ಮುಂದೇನಾಯಿತು ಎಂಬುದು ಬೇಕು. ಹ್ಯಾನ್ ಮತ್ತು ಲೇಯಾಗೆ ಮಕ್ಕಳಾದವು, ಲೂಕ್ ಜೆಡೈ ಯೋಧರಿಗೆ ಶಾಲೆ ಕಟ್ಟಿದ, ಮಾರಾ ಅವನನ್ನೇ ಮದುವೆಯಾದಳು. ಬೇರೆ ಬೇರೆ ಲೇಖಕರು ಬರೆದರೂ ಎಲ್ಲವೂ ಒಂದೇ ಇತಿಹಾಸ, ಒಬ್ಬರ ಪುಸ್ತಕದಲ್ಲಿ ನಡೆದದ್ದನ್ನು ಇನ್ನೊಬ್ಬರು ಒಪ್ಪಲೇಬೇಕು. ಇದನ್ನೇ ಎಕ್ಸ್‌ಪ್ಯಾಂಡೆಡ್ ಯೂನಿವರ್ಸ್, ಚಿಕ್ಕದಾಗಿ ಇಯು, ಎಂದು ಕರೆದರು. ಝಾನ್ ಕೊಟ್ಟ ಕೊರುಸಾಂಟ್ ಎಂಬ ರಾಜಧಾನಿಯ ಹೆಸರು 1999ರ ಸಿನಿಮಾಕ್ಕೂ ಹೋಯಿತು. ಪುಸ್ತಕದ ಮಾತು ಪರದೆಯ ಮೇಲೆ ಕೇಳಿಸಿದಾಗ ಓದುಗರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಆದರೆ ಲ್ಯೂಕಸ್ ಆ ನಂಬಿಕೆಗೆ ಎಂದೂ ರುಜು ಹಾಕಿರಲಿಲ್ಲ. ಈ ಕಾದಂಬರಿಗಳನ್ನು ತಾನು ಓದುವುದಿಲ್ಲ ಎಂದು ಅವರು ಸಂದರ್ಶನಗಳಲ್ಲಿ ನೇರವಾಗಿಯೇ ಹೇಳಿದ್ದಾರೆ. ಅವರು ಹೊಸ ಸಿನಿಮಾ ತೆಗೆದಾಗಲೆಲ್ಲ ಪುಸ್ತಕಗಳಿಗೆ ತೇಪೆ ಹಾಕಬೇಕಾಗುತ್ತಿತ್ತು. ಸಿನಿಮಾಗಳಲ್ಲಿ ಬಹುಮಾನಕ್ಕಾಗಿ ಜನರನ್ನು ಬೇಟೆಯಾಡುವ ಬೋಬಾ ಫೆಟ್‌ನ ಕಥೆ ನೋಡಿ. 1996ರ ಒಂದು ಕಥೆಯ ಪ್ರಕಾರ ಅವನ ನಿಜವಾದ ಹೆಸರು ಜಾಸ್ಟರ್ ಮೆರೀಲ್, ಕಾನೂನು ಕಾಯುವ ಕೆಲಸದಲ್ಲಿದ್ದು ಹೊರಹಾಕಿಸಿಕೊಂಡವನು. 2002ರ ಸಿನಿಮಾದಲ್ಲಿ ಬೋಬಾ ಎಂದರೆ ಜಾಂಗೊ ಫೆಟ್‌ನ ಕ್ಲೋನ್, ಇನ್ನೂ ಚಿಕ್ಕ ಹುಡುಗ. ಹಾಗಾದರೆ ಮೆರೀಲ್ ಯಾರು? ಅದೇ ವರ್ಷ ಒಂದು ಕಾಮಿಕ್ಸ್ ಬಂದು, ಮೆರೀಲ್ ಜಾಂಗೊನನ್ನು ಸಾಕಿ ಬೆಳೆಸಿದ ಹಿರಿಯ ಎಂದು ಹೊಂದಿಸಿತು. ಇಂಥ ತೇಪೆಗಳನ್ನು ನೋಡಿ ನಗುವವರಿದ್ದರು. ನನಗಂತೂ ಆ ಶ್ರದ್ಧೆಯ ಬಗ್ಗೆ ಗೌರವವಿದೆ. ಯಾರೋ ಆರು ವರ್ಷದ ಹಿಂದೆ ಬರೆದ ಕಥೆ ಸುಳ್ಳಾಗಬಾರದು ಎಂದು ಇನ್ನಾರೋ ಕೂತು ಕಷ್ಟಪಟ್ಟಿದ್ದಾರೆ.

ಈ ಎಲ್ಲದರ ಲೆಕ್ಕ ಇಡಲು ಲ್ಯೂಕಸ್ ಅವರ ಕಂಪನಿ ಲ್ಯೂಕಸ್‌ಫಿಲ್ಮ್‌ನ ಲೀಲ್ಯಾಂಡ್ ಚೀ 2000ದಲ್ಲಿ 'ಹಾಲೊಕ್ರಾನ್' ಎಂಬ ದತ್ತಸಂಚಯ ಶುರುಮಾಡಿದರು. ಅಧಿಕೃತವೆಂದು ಒಪ್ಪಿದ ಕಥೆಗೆ ಕ್ಯಾನನ್ ಎಂದು ಹೆಸರು, ಅದರಲ್ಲಿ ಮೆಟ್ಟಿಲುಗಳಿದ್ದವು. ಲ್ಯೂಕಸ್ ಅವರ ಸಿನಿಮಾಗಳಿಗೆ ಜಿ-ಕ್ಯಾನನ್ ಎಂಬ ಮೇಲಿನ ಸ್ಥಾನ, ಕಾದಂಬರಿಗಳಿಗೆ ಅದರ ಕೆಳಗೆ ಸಿ-ಕ್ಯಾನನ್. ಪುಸ್ತಕದಲ್ಲಿ ನಡೆದದ್ದು ನಿಜ, ಸಿನಿಮಾ ಬೇರೆ ಹೇಳುವವರೆಗೆ. ಅಭಿಮಾನಿಗಳು ಈ ವಾಕ್ಯದ ಮೊದಲರ್ಧವನ್ನು ಹಿಡಿದುಕೊಂಡರು, ಕಂಪನಿ ಎರಡನೆಯದನ್ನು.

ಚ್ಯೂಬಾಕಾನ ಸಾವಿನಿಂದ ಶುರುವಾದ 'ನ್ಯೂ ಜೆಡೈ ಆರ್ಡರ್' ಸರಣಿ 2003ರವರೆಗೆ 19 ಕಾದಂಬರಿಗಳಲ್ಲಿ ಹರಿಯಿತು. ಅಭಿಪ್ರಾಯಗಳು ಇಷ್ಟು ಕವಲೊಡೆದ ಇನ್ನೊಂದು ಸರಣಿ ಇಲ್ಲ. ಯಂತ್ರಗಳನ್ನು ಪಾಪವೆಂದು ದ್ವೇಷಿಸುವ, ನೋವನ್ನೇ ಪೂಜಿಸುವ, ಜೆಡೈಗಳ ಶಕ್ತಿಯಾದ ಫೋರ್ಸ್‌ನ ಅರಿವಿಗೂ ಸಿಗದ ಯೂಝಾನ್ ವಾಂಗ್ ದಾಳಿಕೋರರು ಸ್ಟಾರ್ ವಾರ್ಸ್‌ಗೆ ಹೊಂದುವುದಿಲ್ಲ, ಕಥೆ ತೀರಾ ಕತ್ತಲಾಯಿತು ಎಂಬುದು ಒಂದು ವಾದ. ಇನ್ನೊಂದು ಪಾಳಯ ಇದನ್ನೇ ಇಯು ಪ್ರೌಢವಾದ ಘಟ್ಟ ಎನ್ನುತ್ತದೆ. ನಾನು ಎರಡನೆಯವರ ಕಡೆ. ಮ್ಯಾಥ್ಯೂ ಸ್ಟೋವರ್ ಬರೆದ 'ಟ್ರೇಟರ್' (2002) ಒಂದೇ ಸಾಕು. ಸೆರೆಯಾದ ಹ್ಯಾನ್ ಮಗ ಜೇಸನ್ ಸೋಲೊ ಮತ್ತು ಅವನನ್ನು ಹಿಂಸಿಸುತ್ತಲೇ ಕಲಿಸುವ ವೆರ್ಜೀರ್ ನಡುವಿನ ಸಂಭಾಷಣೆಯ ಮೇಲೆಯೇ ಹೆಚ್ಚುಪಾಲು ನಿಂತ ಪುಸ್ತಕ ಅದು. ಬಾಹ್ಯಾಕಾಶದ ಯುದ್ಧಗಳಿಗೆ ಅಲ್ಲಿ ಹೆಚ್ಚು ಜಾಗವಿಲ್ಲ, ಓದಿ ಮುಗಿಸಿದ ಮೇಲೆ ಅವುಗಳ ನೆನಪೂ ಬರುವುದಿಲ್ಲ.

ಆಮೇಲಿನ ಸರಣಿಗಳಲ್ಲಿ ದಣಿವು ಕಾಣುತ್ತದೆ. ಅದೇ ಜೇಸನ್ ಖಳನಾದ, 2007ರಲ್ಲಿ ಮಾರಾಳನ್ನು ಕೊಂದ. ಕಟ್ಟಾ ಓದುಗರೂ ಹಲವರು ಅಲ್ಲಿಗೆ ಪುಸ್ತಕ ಕೆಳಗಿಟ್ಟರು.

2012ರಲ್ಲಿ ಡಿಸ್ನಿ ಸುಮಾರು 4 ಬಿಲಿಯನ್ ಡಾಲರಿಗೆ ಲ್ಯೂಕಸ್‌ಫಿಲ್ಮ್ ಕೊಂಡಿತು. ಹೊಸ ಸಿನಿಮಾಗಳಿಗೆ ದಾರಿ ತೆರವಾಗಬೇಕಿತ್ತು. 2014ರ ಏಪ್ರಿಲ್ 25ರಂದು ಪ್ರಕಟಣೆ ಬಂತು: ಆರು ಸಿನಿಮಾಗಳು ಮತ್ತು 'ದಿ ಕ್ಲೋನ್ ವಾರ್ಸ್' ಅನಿಮೇಷನ್ ಮಾತ್ರ ಕ್ಯಾನನ್, ಹಳೆಯ ಕಾದಂಬರಿಗಳೆಲ್ಲ ಇನ್ನು 'ಲೆಜೆಂಡ್ಸ್', ಅಂದರೆ ದಂತಕಥೆಗಳು. ಚ್ಯೂಬಾಕಾನನ್ನು ಕೊಂದದ್ದೇ ಈ ನಿರ್ಧಾರಕ್ಕೆ ತನ್ನ ಮಟ್ಟಿಗೆ ದೊಡ್ಡ ಕಾರಣವಾಗಿತ್ತು ಎಂದು ಚೀ ಮುಂದೆ ಹೇಳಿದರು.

ಇಲ್ಲಿ ಕಂಪನಿಯ ಕಷ್ಟ ನನಗೆ ಅರ್ಥವಾಗುತ್ತದೆ. ಕೋಟ್ಯಂತರ ಪ್ರೇಕ್ಷಕರಿಗೆ, ನೀವು ಓದದ ಪುಸ್ತಕದಲ್ಲಿ ಇವನು ಸತ್ತಿದ್ದಾನೆ ಎಂದು ಹೇಳಲಾಗದು. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ, ಇದೇ ಮುಂದಿನ ಕಥೆ ಎಂದು ಹೇಳಿಯೇ ಪುಸ್ತಕ ಮಾರಿದ್ದರು. ಓದುಗರು ದುಡ್ಡು ಕೊಟ್ಟದ್ದು ಕಥೆಗೆ ಮಾತ್ರವಲ್ಲ, ಆ ಭರವಸೆಗೂ. ಅವರನ್ನು ಹಟಮಾರಿಗಳೆಂದು ತಳ್ಳಿಹಾಕುವುದು ಸರಿಯಲ್ಲ. ಗಾಯಕ್ಕೆ ಉಪ್ಪು ಸವರಿದ್ದು ಹೊಸ ಸಿನಿಮಾಗಳು ಹಳೆಯ ಪುಸ್ತಕಗಳ ಎಲುಬುಗಳನ್ನೇ ಎತ್ತಿಕೊಂಡದ್ದು. ಹ್ಯಾನ್ ಮತ್ತು ಲೇಯಾರ ಮಗ ದಾರಿತಪ್ಪುತ್ತಾನೆ, ಅವನ ಹೆಸರು ಬೆನ್. ಕಾದಂಬರಿಗಳಲ್ಲಿ ಬೆನ್ ಎಂದರೆ ಲೂಕ್ ಮತ್ತು ಮಾರಾರ ಮಗ. ಚಕ್ರವರ್ತಿ ಸತ್ತು ಎದ್ದುಬರುವ 1991ರ ಕಾಮಿಕ್ಸ್‌ನ ಕಲ್ಪನೆಯನ್ನೂ 2019ರ ಸಿನಿಮಾ ಹೋಲುತ್ತದೆ.

ಆ ಸಿಟ್ಟಿನ ಏಟು ಹೊಸ ಲೇಖಕರಿಗೆ ಬಿತ್ತು. 2015ರಲ್ಲಿ ಬಂದ ಚಕ್ ವೆಂಡಿಗ್ ಅವರ 'ಆಫ್ಟರ್‌ಮ್ಯಾತ್'ನ ತುಂಡು ತುಂಡು ವರ್ತಮಾನಕಾಲದ ಗದ್ಯ ಹಲವರಿಗೆ ರುಚಿಸಲಿಲ್ಲ, ಅದು ಓದುಗರ ಹಕ್ಕು. ಆದರೆ ಲೆಜೆಂಡ್ಸ್ ಹೋದ ಕೋಪವನ್ನೂ, ಸಲಿಂಗಿ ಪಾತ್ರಗಳಿವೆ ಎಂಬ ಅಸಹನೆಯನ್ನೂ ಅದೇ ವಿಮರ್ಶೆಗಳೊಳಗೆ ಸುರಿದದ್ದು ಅನ್ಯಾಯ. ಅದೇ ತಿಂಗಳು ಬಂದ ಕ್ಲೌಡಿಯಾ ಗ್ರೇ ಅವರ 'ಲಾಸ್ಟ್ ಸ್ಟಾರ್ಸ್' ಎರಡೂ ಪಾಳಯಗಳಲ್ಲಿ ಮೆಚ್ಚುಗೆ ಪಡೆಯಿತು.

ಹೊಸ ವ್ಯವಸ್ಥೆಯ ಭರವಸೆ ಹಳೆಯದಕ್ಕಿಂತ ದೊಡ್ಡದಿತ್ತು. ಮೆಟ್ಟಿಲುಗಳಿಲ್ಲ, ಸಿನಿಮಾ, ಧಾರಾವಾಹಿ, ಪುಸ್ತಕ ಎಲ್ಲವೂ ಸಮಾನ. ಅದೂ ಉಳಿಯಲಿಲ್ಲ. 2016ರ 'ಅಸೋಕಾ' ಕಾದಂಬರಿ ಹೇಳಿದ ಕಥೆಯನ್ನು 2022ರ 'ಟೇಲ್ಸ್ ಆಫ್ ದಿ ಜೆಡೈ' ಅನಿಮೇಷನ್ ಬೇರೆಯೇ ರೀತಿಯಲ್ಲಿ ತೋರಿಸಿತು. ಪುಸ್ತಕವನ್ನು ಮೊದಲು ಓದಿದ್ದವರಿಗೆ ಇದು ಹೊಸ ಅನುಭವವೇನಲ್ಲ.

ಇದರ ನಡುವೆ ಥ್ರಾನ್ ಮಾತ್ರ ಗಡಿ ದಾಟಿದ. 2016ರಲ್ಲಿ 'ರೆಬೆಲ್ಸ್' ಧಾರಾವಾಹಿಗೆ ಬಂದ, ಮರುವರ್ಷ ಝಾನ್ ಅವರೇ ಅವನ ಮೇಲೆ ಹೊಸ ಕಾದಂಬರಿ ಬರೆದರು, 2023ರಲ್ಲಿ ನಟ ಲಾರ್ಸ್ ಮಿಕೆಲ್ಸನ್ ಅವನಾಗಿ ತೆರೆಗೆ ಬಂದರು. ಹಾಗಾಗಿ ಈಗಿನ ಜಗಳ ಮಾರಾ ಜೇಡ್ ಸುತ್ತ. ಅವಳನ್ನೂ ಕರೆತನ್ನಿ ಎನ್ನುವವರು ಬಹಳ. ಲೂಕ್‌ನ ಮದುವೆಯಿಲ್ಲದ, ಮಗನಿಲ್ಲದ ಹೊಸ ಇತಿಹಾಸದಲ್ಲಿ ಅವಳಿಗೆ ಸಿಗುವುದು ಹೆಸರು ಮತ್ತು ಕೆಂಪು ಕೂದಲು ಮಾತ್ರ, ಅದಕ್ಕಿಂತ ಝಾನ್ ಬರೆದ ಪುಟಗಳಲ್ಲೇ ಇರಲಿ ಎನ್ನುವವರು ಕೆಲವರು. ನನ್ನ ಮತ ಆ ಕೆಲವರಿಗೆ.