ಸಣ್ಣ ಕಮಿಟ್‌ನ ಕತೆ: ಐಬಿಎಂ ಸಭೆಯಿಂದ ಪುಲ್ ರಿಕ್ವೆಸ್ಟ್‌ವರೆಗೆ

ಜೂನ್ ಹಿಡಿದರೆ ಕೊಡಗಿನಲ್ಲಿ ಮರ ಬೀಳುವುದು, ಲೈನ್ ತುಂಡಾಗುವುದು, ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆಯ ಮನೆಗಳಲ್ಲಿ ಕೂತು ಬೆಂಗಳೂರಿನ ತಂಡಗಳಿಗೆ ಕೋಡ್ ಬರೆಯುವವರ ದಿನ ನಡೆಯುವುದು ಇನ್ವರ್ಟರ್ ಬ್ಯಾಟರಿಯ ಲೆಕ್ಕದಲ್ಲಿ. ಒಬ್ಬರು ಬರೆದ ಬದಲಾವಣೆಯನ್ನು ಸೇರಿಸುವ ಮೊದಲು ಇನ್ನೊಬ್ಬರು ಓದಿ ನೋಡಬೇಕು; ಅದೇ ರಿವ್ಯೂ. ಬ್ಯಾಟರಿ ಇಳಿಯುವಷ್ಟರಲ್ಲಿ 80 ಸಾಲಿನ ಬದಲಾವಣೆಯನ್ನು ಓದಿ, ತಪ್ಪು ತೋರಿಸಿ ಮುಗಿಸಬಹುದು. 1,500 ಸಾಲಿನದಾದರೆ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಮೊದಲಿನಿಂದ ಓದಬೇಕು, ಇಲ್ಲವೇ ‘ಸರಿ ಇದೆ’ ಎಂದು ಒತ್ತಿ ಕೈತೊಳೆದುಕೊಳ್ಳಬೇಕು. ಎರಡನೆಯದೇ ಹೆಚ್ಚು ನಡೆಯುವುದು. ಅದಕ್ಕೇ ಕಮಿಟ್, ಅಂದರೆ ಕೋಡಿನ ಚರಿತ್ರೆಗೆ ಒಮ್ಮೆಗೆ ದಾಖಲಿಸುವ ಬದಲಾವಣೆ, ಸಣ್ಣದಿರಬೇಕು.

ಓದುವವರ ಗಮನಕ್ಕೆ ಮಿತಿ ಇದೆಯೆಂಬುದು ಹೊಸ ಮಾತಲ್ಲ. 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್ ಕೋಡ್ ತಪಾಸಣೆಯ ಕ್ರಮವನ್ನು ಪ್ರಕಟಿಸಿದಾಗಲೇ ನಾಲ್ಕು ಜನರ ತಂಡ ಸಾಕು, ಒಂದು ಕೂಟ ಎರಡು ಗಂಟೆ ಮೀರಬಾರದು ಎಂದಿದ್ದರು. ಆದರೆ ಹತ್ತು ಸಾಲಿಗೆಂದು ನಾಲ್ಕು ಜನರ ಸಭೆ ಯಾರು ಕರೆದಾರು? ಕೆಲಸ ಗುಡ್ಡೆಯಾದ ಮೇಲೆಯೇ ಕರೆಯಬೇಕು.

ಸಭೆಯ ಆ ಖರ್ಚನ್ನು ಇಳಿಸಿದ್ದು 1985ರಲ್ಲಿ ಪ್ರೋಗ್ರಾಮರ್ ಲ್ಯಾರಿ ವಾಲ್ ಬರೆದ ‘ಪ್ಯಾಚ್’ ಎಂಬ ಪ್ರೋಗ್ರಾಂ. ಎರಡು ಕಡತಗಳ ವ್ಯತ್ಯಾಸ ತೋರಿಸುವ ‘ಡಿಫ್’ 1974ರಿಂದಲೇ ಯುನಿಕ್ಸ್‌ನಲ್ಲಿತ್ತು. ಆ ವ್ಯತ್ಯಾಸವನ್ನಷ್ಟೇ ಕಳಿಸಿ, ಇನ್ನೊಬ್ಬರ ಪ್ರತಿಗೆ ಕೂಡಿಸುವುದು ಈಗ ಸುಲಭವಾಯಿತು. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬೆಳೆದದ್ದು ಇಮೇಲ್‌ನಲ್ಲಿ ಓಡಾಡಿದ ಇಂಥ ವ್ಯತ್ಯಾಸಗಳಿಂದ; ಅವಕ್ಕೂ ಪ್ಯಾಚ್ ಎಂದೇ ಹೆಸರು. ಅಲ್ಲಿನ ಕಟ್ಟಳೆ ಇಂದಿಗೂ ಬಿಗಿ: ಒಂದು ಪ್ಯಾಚ್‌ಗೆ ಒಂದೇ ಉದ್ದೇಶ, ಸರಣಿಯ ಯಾವ ಹಂತದಲ್ಲಿ ನಿಂತರೂ ಕರ್ನಲ್ (ಲಿನಕ್ಸ್‌ನ ತಿರುಳು) ಕಂಪೈಲ್ ಆಗಿ ಓಡಬೇಕು, ಒಮ್ಮೆಗೆ 15ರ ಆಸುಪಾಸು ಕಳಿಸಿ ಕಾಯಬೇಕು. ಇದು ಬರೀ ಮಡಿವಂತಿಕೆಯಲ್ಲ. ಕೋಡಿನ ಬದಲಾವಣೆಗಳ ಲೆಕ್ಕವಿಡಲು 2005ರಲ್ಲಿ ಹುಟ್ಟಿದ ಗಿಟ್‌ನ ‘ಬೈಸೆಕ್ಟ್’ ಆಜ್ಞೆ, ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ, 1,000 ಕಮಿಟ್‌ಗಳ ನಡುವೆ ದೋಷ ತಂದ ಒಂದನ್ನು ಸುಮಾರು 10 ಪರೀಕ್ಷೆಗಳಲ್ಲಿ ಹಿಡಿಯುತ್ತದೆ. ನಡುನಡುವೆ ಓಡದ ಕಮಿಟ್‌ಗಳಿದ್ದರೆ ಅವನ್ನು ದಾಟಿಸುತ್ತ ಹೋಗಬೇಕು. ಸಿಕ್ಕಿದ್ದೇ 2,000 ಸಾಲಿನದಾದರೆ ಹಿಡಿದೂ ಹಿಡಿಯದಂತೆ.

2008ರಲ್ಲಿ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ (‘ನನ್ನ ಬದಲಾವಣೆ ಓದಿ ಸೇರಿಸಿಕೊಳ್ಳಿ’ ಎಂಬ ಕೋರಿಕೆ) ಬಂದು ಎಲ್ಲ ಸಲೀಸಾಯಿತು. ಸಲೀಸಾದದ್ದೇ ತೊಡಕು ಎನ್ನಬಹುದು. ಓದಬೇಕಾದದ್ದು ಈಗ ಪ್ಯಾಚ್ ಅಲ್ಲ, ಇಡೀ ಬ್ರ್ಯಾಂಚ್, ಅಂದರೆ ಮುಖ್ಯ ಕೋಡಿನಿಂದ ಕವಲೊಡೆದ ಕಮಿಟ್‌ಗಳ ಸರಣಿ. ‘ಇದೂ ಒಂದಿರಲಿ’ ಎಂದು ಅದಕ್ಕೆ ಸೇರಿಸುತ್ತ ಹೋದರೆ ತಡೆಯುವವರಿಲ್ಲ. ಗೂಗಲ್‌ನ ರಿವ್ಯೂ ಮಾರ್ಗಸೂಚಿ 100 ಸಾಲು ಸಾಮಾನ್ಯವಾಗಿ ಸರಿ, 1,000 ಸಾಮಾನ್ಯವಾಗಿ ಅತಿ ಎನ್ನುತ್ತದೆ. ಅಲ್ಲಿನ ಬದಲಾವಣೆಗಳ ಮಧ್ಯಾಂಕ 24 ಸಾಲು ಎಂದು 2018ರ ಅಧ್ಯಯನವೊಂದು ಹೇಳಿತು. ಹಾಗೆಂದು ಸಾಲು ಎಣಿಸುತ್ತ ಕೂರಬೇಕಿಲ್ಲ. ಬಳಕೆಯಲ್ಲಿಲ್ಲದ 600 ಸಾಲಿನ ಕಡತ ಅಳಿಸುವುದು ಸಣ್ಣ ಕೆಲಸ, ಒಂದೇ ದಾಖಲೆಗೆ ಇಬ್ಬರು ಒಟ್ಟಿಗೆ ಕೈಹಾಕದಂತೆ ತಡೆಯುವ ಬೀಗದ (ಲಾಕ್) ತರ್ಕದ 6 ಸಾಲು ತಿದ್ದುವುದು ದೊಡ್ಡದು.

ದೊಡ್ಡ ಬದಲಾವಣೆಯನ್ನು ಒಡೆಯುವಾಗ ಹೆಸರು ಬದಲಿಸುವುದು, ಕಡತ ಸರಿಸುವುದು ಬೇರೆಯೇ ಕಮಿಟ್ ಆಗಲಿ. ಸರಿಸಿದ ಕಡತವನ್ನು ಆಗಲೇ ತಿದ್ದಿದರೆ, ಹೋಲಿಕೆ 50%ಗಿಂತ ಇಳಿದಾಗ ಗಿಟ್ ಅದನ್ನು ‘ಒಂದು ಅಳಿಯಿತು, ಒಂದು ಹೊಸದು’ ಎಂದೇ ತೋರಿಸುತ್ತದೆ. ನಿಜವಾದ ತಿದ್ದುಪಡಿ ಅದರಡಿ ಮುಚ್ಚಿಹೋಗುತ್ತದೆ. ಡೇಟಾಬೇಸ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಾಫಿ ಖರೀದಿಯ ಸಾಫ್ಟ್‌ವೇರ್‌ನಲ್ಲಿ 50 ಕೆಜಿ ಚೀಲದ ಲೆಕ್ಕವನ್ನು ಕೆಜಿಗೆ ತಿರುಗಿಸಬೇಕು ಎನ್ನಿ. ಐದು ರಿಕ್ವೆಸ್ಟ್ ಆಗುತ್ತದೆ: ಕೆಜಿಯ ಕಾಲಂ ಸೇರಿಸುವುದು, ಎರಡರಲ್ಲೂ ಬರೆಯುವುದು, ಹಳೆಯ ದಾಖಲೆಗಳಿಗೆ ಕೆಜಿ ತುಂಬುವುದು, ಓದುವುದನ್ನು ಹೊಸದಕ್ಕೆ ತಿರುಗಿಸುವುದು, ಕೊನೆಗೆ ಹಳೆಯದನ್ನು ಕೀಳುವುದು. ಎರಡನೆಯದಕ್ಕಿಂತ ಮೂರನೆಯದು ಮೊದಲಾದರೆ, ಆ ನಡುವೆ ಬಂದ ಬಿಲ್ಲುಗಳಲ್ಲಿ ಕೆಜಿ ಖಾಲಿ.

ಎಲ್ಲ ಕಲಸಿಹೋದ ಮೇಲೆ ಬಿಡಿಸಲು ‘ಗಿಟ್ ಆಡ್ -ಪಿ’ ಇದೆ. ಬದಲಾವಣೆಗಳನ್ನು ತುಂಡು ತುಂಡಾಗಿ ತೋರಿಸಿ ಈ ಕಮಿಟ್‌ಗೆ ಬೇಕೇ ಎಂದು ಕೇಳುತ್ತದೆ. ಆದರೆ ಟೆಸ್ಟ್ ಓಡುವುದು ಆರಿಸಿದ ತುಂಡುಗಳ ಮೇಲಲ್ಲ, ಕೈಯಲ್ಲಿರುವ ಇಡೀ ಕೋಡಿನ ಮೇಲೆ. ‘ಗಿಟ್ ಸ್ಟ್ಯಾಶ್ --ಕೀಪ್-ಇಂಡೆಕ್ಸ್’ ಕೊಟ್ಟು ಉಳಿದದ್ದನ್ನು ಬದಿಗಿಟ್ಟು ಓಡಿಸಿದರೆ ಮಾತ್ರ ಆ ಕಮಿಟ್ ನೆಟ್ಟಗಿದೆಯೇ ಗೊತ್ತಾಗುತ್ತದೆ.

ಎರಡು ದಿನ ನೆಟ್‌ವರ್ಕ್ ಇಲ್ಲದಿದ್ದರೂ ಗಿಟ್‌ನಲ್ಲಿ ಕೆಲಸ ನಿಲ್ಲುವುದಿಲ್ಲ. ಒಂದರ ಮೇಲೊಂದು ಮೂರು-ನಾಲ್ಕು ಬ್ರ್ಯಾಂಚ್ ಏರಿರುತ್ತವೆ. ಸಂಪರ್ಕ ಬಂದು ಎಲ್ಲವನ್ನೂ ಕಳಿಸಿದ ಮೇಲೆ ಅಡಿಯದನ್ನು ಯಾರಾದರೂ ಸ್ಕ್ವಾಶ್ ಮಾಡಿ ಮುಖ್ಯ ಬ್ರ್ಯಾಂಚ್‌ಗೆ ಮರ್ಜ್ ಮಾಡಿದರೆ (ಒಂದಾಗಿಸಿ ಸೇರಿಸಿದರೆ), ಹಲವು ಕಮಿಟ್‌ಗಳು ಹೊಸ ಗುರುತಿನ ಒಂದೇ ಕಮಿಟ್ ಆಗುತ್ತವೆ. ಮೇಲಿನ ಬ್ರ್ಯಾಂಚ್‌ನಲ್ಲಿ ಅವೇ ಸಾಲುಗಳು ಮತ್ತೆ ಕಾಣಿಸಿಕೊಂಡು ಕಾನ್‌ಫ್ಲಿಕ್ಟ್ (ಯಾವುದನ್ನು ಉಳಿಸಬೇಕೆಂದು ಗಿಟ್‌ಗೆ ತಿಳಿಯದ ಘರ್ಷಣೆ) ಏಳುತ್ತವೆ. ಆಗ ‘ಗಿಟ್ ರೀಬೇಸ್ --ಆಂಟು’ ಬಳಸಿ, ಅಡಿಯ ಬ್ರ್ಯಾಂಚ್‌ನ ಹಳೆಯ ತುದಿಯ ನಂತರದ ಕಮಿಟ್‌ಗಳನ್ನಷ್ಟೇ ಮುಖ್ಯ ಬ್ರ್ಯಾಂಚ್ ಮೇಲೆ ಕೂಡಿಸಬೇಕು. ಅಲ್ಲಿಯವರೆಗೆ ಆ ಹಳೆಯ ಬ್ರ್ಯಾಂಚನ್ನು ಅಳಿಸಬೇಡಿ.