ಸಾರಜನಕ ಹೆಚ್ಚಿದರೆ ಹೂವಿನ ಬಣ್ಣವೂ ಹೆಚ್ಚುವುದೇ?

ಎಲೆ ಕಡುಹಸಿರಾಗಿ ಗಿಡ ಸೊಕ್ಕಿ ಬೆಳೆದಿದ್ದರೂ ಹೂವಿಗೆ ಬಣ್ಣ ಏಕೆ ಏರುತ್ತಿಲ್ಲ ಎಂದು ಗುಲಾಬಿ ಮತ್ತು ಸೇವಂತಿಗೆ ಬೆಳೆಗಾರರು ಮತ್ತೆ ಮತ್ತೆ ಕೇಳುತ್ತಾರೆ. ಎಲೆಗೆ ಹಸಿರು ತಂದ ಗೊಬ್ಬರವೇ ದಳಕ್ಕೆ ಕೆಂಪನ್ನೂ ತರಬೇಕೆಂಬ ನಿರೀಕ್ಷೆ ಈ ಪ್ರಶ್ನೆಯ ಹಿಂದಿದೆ. ಆದರೆ ಪತ್ರಹರಿತ್ತಿನ ಪ್ರತಿ ಅಣುವಿನಲ್ಲಿ ಸಾರಜನಕದ ನಾಲ್ಕು ಪರಮಾಣುಗಳಿದ್ದರೆ, ಗುಲಾಬಿಯ ಕೆಂಪಿಗೆ ಕಾರಣವಾದ ಆಂಥೋಸಯನಿನ್‌ನಲ್ಲಾಗಲಿ, ಚೆಂಡು ಹೂವಿನ ಹಳದಿಗೆ ಕಾರಣವಾದ ಲ್ಯೂಟಿನ್‌ನಲ್ಲಾಗಲಿ ಒಂದೂ ಇಲ್ಲ. ಇವೆರಡೂ ಇಂಗಾಲ, ಜಲಜನಕ ಮತ್ತು ಆಮ್ಲಜನಕಗಳಿಂದಲೇ ಆದವು.

ಆಂಥೋಸಯನಿನ್ ತಯಾರಾಗುವುದು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ. ಇದೇ ಅಮೈನೋ ಆಮ್ಲ ಪ್ರೋಟೀನಿಗೂ ಬೇಕು. ಬೇರಿನಿಂದ ಸಾರಜನಕ ಧಾರಾಳವಾಗಿ ಬರುತ್ತಿರುವಾಗ ಗಿಡವು ತನ್ನಲ್ಲಿರುವ ಸಕ್ಕರೆಯನ್ನೂ ಅಮೈನೋ ಆಮ್ಲಗಳನ್ನೂ ಹೊಸ ಎಲೆ, ಹೊಸ ಚಿಗುರುಗಳಿಗೆ ಹರಿಸುತ್ತದೆ. ಸಾರಜನಕ ಮಿತವಾದಾಗ ಬೆಳವಣಿಗೆ ನಿಧಾನವಾಗಿ, ಮಿಕ್ಕ ಇಂಗಾಲದ ಒಂದು ಪಾಲು ಆಂಥೋಸಯನಿನ್ ಕೂಡ ಸೇರಿರುವ ಫಿನಾಲಿಕ್ ಸಂಯುಕ್ತಗಳತ್ತ ತಿರುಗುತ್ತದೆ. ಆ ದಾರಿಯ ಮೊದಲ ಕಿಣ್ವವು ಫಿನೈಲ್‌ಅಲನಿನ್‌ನಿಂದ ಅಮೋನಿಯವನ್ನು ಬಿಡಿಸುವುದರಿಂದ, ಗಿಡ ಆ ಸಾರಜನಕವನ್ನು ಮತ್ತೆ ಬಳಸಿಕೊಳ್ಳಲೂ ಸಾಧ್ಯ. ಉತ್ಕರ್ಷಣ ನಿರೋಧಕಗಳೆಂದು ನಾವು ಕರೆಯುವ ಫ್ಲೇವನಾಯ್ಡ್‌ಗಳೂ ಅನೇಕ ಫಿನಾಲಿಕ್ ಆಮ್ಲಗಳೂ ಇದೇ ದಾರಿಯವಾದ್ದರಿಂದ, ಸಾರಜನಕ ಮಿತಿಮೀರಿದಾಗ ಅವೂ ಸಾಮಾನ್ಯವಾಗಿ ಬಣ್ಣದ ಜೊತೆಗೇ ಇಳಿಯುತ್ತವೆ. ಈ ವಿವರಣೆಗೆ 1983ರಲ್ಲಿ ಇಂಗಾಲ–ಪೋಷಕಾಂಶ ಸಮತೋಲನದ ಊಹೆಯೆಂಬ ರೂಪ ಬಂದಿತು. ಎಲ್ಲ ಗಿಡಗಳಿಗೂ ಎಲ್ಲ ಸಂಯುಕ್ತಗಳಿಗೂ ಅದು ಹೊಂದುವುದಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಕೆಂಪು ಹೂವಿನ ತೋಟಕ್ಕೆ ಮಾತ್ರ ಅದು ಒಳ್ಳೆಯ ದಿಕ್ಸೂಚಿಯೆಂದು ನನ್ನ ಅಭಿಪ್ರಾಯ.

ಚೆಂಡು ಹೂವಿನ ಲೆಕ್ಕ ಬೇರೆ. ಗುಂಡ್ಲುಪೇಟೆಯ ಸುತ್ತಮುತ್ತ ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ ಬೆಳೆಯುವ ಈ ಹೂವಿನಲ್ಲಿ ಹಳದಿಗೂ ಕಿತ್ತಳೆಗೂ ಇರುವ ವ್ಯತ್ಯಾಸ ಮುಖ್ಯವಾಗಿ ಲ್ಯೂಟಿನ್‌ನ ಪ್ರಮಾಣದ್ದು. ಲ್ಯೂಟಿನ್ ರೂಪಿಸುವ ಕಿಣ್ವಗಳು ಪ್ರೋಟೀನುಗಳೇ ಆದ್ದರಿಂದ ಸಾರಜನಕದ ಕೊರತೆಯಿದ್ದರೆ ಇಳುವರಿಯೊಂದಿಗೆ ಬಣ್ಣವೂ ಸೊರಗುತ್ತದೆ. ಒಂದು ಹಂತದವರೆಗೆ ಗೊಬ್ಬರ ಎರಡನ್ನೂ ಏರಿಸುತ್ತದೆ. ಆ ಹಂತ ದಾಟಿದ ಮೇಲೆ ದಳ ದೊಡ್ಡದಾಗಿ, ನೀರಿನಂಶ ಹೆಚ್ಚಿ, ಇದ್ದ ಲ್ಯೂಟಿನ್ ಹೆಚ್ಚು ತೂಕದಲ್ಲಿ ಹರಡಿಕೊಳ್ಳುತ್ತದೆ. ಪಾನಕಕ್ಕೆ ನೀರು ಬೆರೆಸಿದಂತೆ. ಇಲ್ಲಿ ಬೆಳೆಗಾರರೂ ಸಂಶೋಧಕರೂ ಒಮ್ಮೊಮ್ಮೆ ತಪ್ಪು ಅರ್ಥ ಮಾಡಿಕೊಳ್ಳುತ್ತಾರೆ: ಪ್ರತಿ ಗ್ರಾಂ ಒಣ ದಳದಲ್ಲಿ ಎಷ್ಟು ಎಂಬುದು ಒಂದು ಅಳತೆ, ಎಕರೆಗೆ ಒಟ್ಟು ಎಷ್ಟು ಎಂಬುದು ಇನ್ನೊಂದು. ಮೊದಲನೆಯದು ಇಳಿಯುತ್ತಿರುವಾಗಲೇ ಎರಡನೆಯದು ಏರುತ್ತಿರಬಹುದು. ಹಸಿ ಹೂವಿನ ತೂಕಕ್ಕೆ ಹಣ ಪಡೆಯುವ ರೈತರಿಗೆ ಒಂದು ಗೊಬ್ಬರದ ಪ್ರಮಾಣ ಲಾಭವೆನಿಸಿದರೆ, ಲ್ಯೂಟಿನ್ ಅಂಶಕ್ಕೆ ಹಣ ಕೊಡುವ ಖರೀದಿದಾರರಿಗೆ ಅದೇ ಪ್ರಮಾಣ ನಷ್ಟವೆನಿಸಬಹುದು.

ಬಿಳಿ ಸೇವಂತಿಗೆಗೆ ಗೊಬ್ಬರದಿಂದ ಹಳದಿ ಬರಿಸಲಾಗದು, ಏಕೆಂದರೆ ಅದರ ದಳಗಳು ಕ್ಯಾರೋಟಿನಾಯ್ಡ್ (ಲ್ಯೂಟಿನ್ ಸೇರಿರುವ ವರ್ಣದ್ರವ್ಯಗಳ ಗುಂಪು) ತಯಾರಿಸಿದರೂ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಬೋಗನ್‌ವಿಲ್ಲಾ ಮತ್ತು ಕೋಳಿಜುಟ್ಟಿನ ಹೂಗಳಿಗೆ ಕೆಂಪು ಕೊಡುವುದು ಬೀಟಾಲೈನ್ ಎಂಬ ಬೇರೆಯೇ ವರ್ಣದ್ರವ್ಯ. ಅದರ ಅಣುವಿನಲ್ಲಿ ಸಾರಜನಕವೇ ಇದೆ. ಆದ್ದರಿಂದ ಗುಲಾಬಿಯ ಪಾಠವನ್ನು ಈ ಗಿಡಗಳಿಗೆ ಹಾಗೆಯೇ ಅನ್ವಯಿಸಬಾರದು.

ತೋಟದಲ್ಲಿ ಮುಖ್ಯವಾಗುವುದು ಕಾಲ. ನಾಟಿಯ ನಂತರದ ಬೆಳವಣಿಗೆಯ ಹಂತದಲ್ಲಿ ಯೂರಿಯಾವನ್ನು ಕಂತುಗಳಲ್ಲಿ ಕೊಟ್ಟು, ಮೊಗ್ಗು ಕಾಣುತ್ತಿದ್ದಂತೆ ಸಾರಜನಕವನ್ನು ಇಳಿಸಿ ಪೊಟ್ಯಾಶ್ ಹೆಚ್ಚಿಸುವುದು ಒಳ್ಳೆಯದು. ಹನಿ ನೀರಾವರಿಯಲ್ಲಿ ಅನೇಕರು 19:19:19 ಗೊಬ್ಬರವನ್ನು (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ಗಳ ಶೇಕಡಾ ಪ್ರಮಾಣ) ಹೂ ಬಿಡುವ ತನಕವೂ ಬಿಡುತ್ತಾರೆ. ಮೊಗ್ಗಿನ ಹಂತಕ್ಕೆ 13:0:45 ಹೆಚ್ಚು ಸೂಕ್ತ. ಬೇಸಿಗೆಯ ಬಿಸಿಲಿನಲ್ಲಿ ಕೆಂಪು ಹೂಗಳು ಮಾಸಿದರೆ ತಕ್ಷಣ ಗೊಬ್ಬರವನ್ನು ದೂರಬೇಡಿ, ಹೆಚ್ಚಿನ ಉಷ್ಣತೆಯೊಂದೇ ಆಂಥೋಸಯನಿನ್ ತಯಾರಿಕೆಯನ್ನು ತಗ್ಗಿಸಬಲ್ಲದು.

ಲೆಕ್ಕಕ್ಕೆ ಸಿಗದ ಸಾರಜನಕವೂ ಇದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20.7 ಕಿಲೋ ಸಾರಜನಕವಿರುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇದ್ದರೆ, ಅಂಥ 10 ಲಕ್ಷ ಲೀಟರ್ ನೀರಿನೊಂದಿಗೆ ಸುಮಾರು 10 ಕಿಲೋ ಸಾರಜನಕ, ಅಂದರೆ ಅರ್ಧ ಚೀಲ ಯೂರಿಯಾದಷ್ಟು, ತೋಟಕ್ಕೆ ಸೇರುತ್ತದೆ. ಅದೂ ನಾವು ಸಾರಜನಕ ಇಳಿಸಬೇಕೆಂದಿರುವ ಮೊಗ್ಗಿನ ಹಂತದಲ್ಲೂ ಬರುತ್ತಲೇ ಇರುತ್ತದೆ. ಆದ್ದರಿಂದ ಮಣ್ಣಿನ ಪರೀಕ್ಷೆಯ ಜೊತೆಗೆ ನೀರಿನ ನೈಟ್ರೇಟ್ ಪರೀಕ್ಷೆಯನ್ನೂ ಮಾಡಿಸಿ, ಬಂದ ಅಂಕಿಯನ್ನು ಗೊಬ್ಬರದ ಪ್ರಮಾಣದಿಂದ ಕಳೆಯಬೇಕು.